ಹೊಸ ಅಸಿಸ್ಟೆಂಟ್ ಲೋಕೋ ಪೈಲಟ್‌ಗಳಿಗೆ: ಲಾಬಿಯಿಂದ ಗಾಡಿ ಒಪ್ಪಿಸುವವರೆಗೆ ಗೊತ್ತಿರಬೇಕಾದ ಮಾತುಗಳು

ಪರೀಕ್ಷೆಯನ್ನು ಕನ್ನಡದಲ್ಲೇ ಬರೆದು ಅಸಿಸ್ಟೆಂಟ್ ಲೋಕೋ ಪೈಲಟ್, ಅಂದರೆ ಇಂಜಿನ್ ಓಡಿಸುವ ಲೋಕೋ ಪೈಲಟ್‌ನ ಸಹಾಯಕರಾಗಿ ರೈಲ್ವೆಗೆ ಸೇರುವ ನಮ್ಮ ಕಡೆಯ ಹುಡುಗರು, ಹುಡುಗಿಯರು ಈಗ ಸಾಕಷ್ಟು ಜನ ಇದ್ದಾರೆ. ಸೇರಿದ ಮೇಲೆ ಕೈಗೆ ಬರುವ ಪುಸ್ತಕ ಮಾತ್ರ ಇಂಗ್ಲಿಷಿನದ್ದೋ ಹಿಂದಿಯದ್ದೋ ಆಗಿರುತ್ತದೆ. ಜಿ.ಆರ್., ಎಸ್.ಆರ್., ಎಲ್‌ಎಸ್‌ಎಸ್, ಐಬಿಎಸ್, ಬಿಪಿಸಿ, ಟಿ/409 ಅಂತ ಮೊದಲ ವಾರದಲ್ಲೇ ತಲೆ ತುಂಬಿಹೋಗುತ್ತದೆ. ಎಷ್ಟೋ ಜನ ಅದನ್ನು ಉರು ಹೊಡೆದು ಪಾಸಾಗುತ್ತಾರೆ, ಆದರೆ ಲೈನ್ ಮೇಲೆ ಹೋದಾಗ ಯಾವ ಮಾತು ಎಲ್ಲಿ ಕೂರುತ್ತದೆ ಅಂತ ಗೊತ್ತಾಗುವುದಿಲ್ಲ. ಅದಕ್ಕೇ ಇಲ್ಲಿ ಅಕ್ಷರಮಾಲೆ ಪ್ರಕಾರ ಹೋಗದೆ, ಒಂದು ಡ್ಯೂಟಿ ಹೇಗೆ ಸಾಗುತ್ತದೋ ಹಾಗೆಯೇ ಬರೆಯುತ್ತಿದ್ದೇನೆ.

ಶುರು ಮಾಡುವ ಮುಂಚೆ ಒಂದು ಮಾತು. ಕ್ಯಾಬಿನಲ್ಲಿ ಕೂತಾಗ ಪ್ರತಿ ಕ್ಷಣವೂ ಎರಡು ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರ ಇರಬೇಕು. ನಮಗೆ ಎಲ್ಲಿವರೆಗೆ ಹೋಗಲು ಅನುಮತಿ ಇದೆ? ಎಷ್ಟು ಸ್ಪೀಡಿಗೆ? ಕೆಳಗೆ ಬರುವ ಹೆಚ್ಚುಕಡಿಮೆ ಎಲ್ಲ ಮಾತುಗಳೂ ಈ ಎರಡರಲ್ಲಿ ಒಂದಕ್ಕೆ ಉತ್ತರ. ಹೊಸ ಪದ ಕಿವಿಗೆ ಬಿದ್ದಾಗ ಇದು ಯಾವ ಪ್ರಶ್ನೆಯ ಉತ್ತರ ಅಂತ ಕೇಳಿಕೊಳ್ಳಿ, ಅರ್ಧ ಕಲಿತ ಹಾಗೆಯೇ.

ನಿಯಮದ ಪುಸ್ತಕದ ಬಗ್ಗೆಯೂ ಹೇಳಿಬಿಡುತ್ತೇನೆ. ಜನರಲ್ ರೂಲ್ಸ್ 1976 ಇಡೀ ದೇಶಕ್ಕೆ ಒಂದೇ, ಅದೇ ಜಿ.ಆರ್. ಅದರ ಕೆಳಗೆ ಒಂದೊಂದು ವಲಯವೂ ತನ್ನದೇ ಸಬ್ಸಿಡಿಯರಿ ರೂಲ್ಸ್ ಮಾಡಿಕೊಂಡಿದೆ, ಅದು ಎಸ್.ಆರ್. ಹುಬ್ಬಳ್ಳಿ ಕೇಂದ್ರವಾಗಿರುವ ನೈರುತ್ಯ ರೈಲ್ವೆಯ ಎಸ್.ಆರ್. ಬೇರೆ, ಪಕ್ಕದ ವಲಯದ್ದು ಬೇರೆ ಇರಬಹುದು. ನಾನಿಲ್ಲಿ ಹೇಳುವುದು ಎಲ್ಲ ಕಡೆ ನಡೆಯುವ ಮೂಲ ಪಾಠ. ನಿಮ್ಮ ಡಿವಿಜನ್ನಿನ ಎಸ್.ಆರ್. ಮತ್ತು ತಿದ್ದುಪಡಿ ಚೀಟಿಗಳನ್ನು ತೆಗೆದು ನೋಡಲೇಬೇಕು, ಅದಕ್ಕೆ ಬದಲಿ ಇಲ್ಲ.

ಹಂತ 1: ಲಾಬಿ

ಡ್ಯೂಟಿ ಶುರುವಾಗುವುದು ಕ್ರೂ ಲಾಬಿಯಲ್ಲಿ. ಅಲ್ಲಿ ಬಂದು ಹಾಜರಿ ಹಾಕುವುದೇ ಸೈನ್ ಆನ್. ಈಗ ಇದೆಲ್ಲ ಸಿಎಂಎಸ್ ಅನ್ನುವ ಕಂಪ್ಯೂಟರ್ ವ್ಯವಸ್ಥೆಯಲ್ಲಿ ನಡೆಯುತ್ತದೆ, ಜೊತೆಗೆ ಉಸಿರಿನ ಪರೀಕ್ಷೆ ಇರುತ್ತದೆ. ಯಾರನ್ನು ಯಾವ ಗಾಡಿಗೆ ಕಳಿಸಬೇಕು ಅಂತ ನೋಡುವವರು ಕ್ರೂ ಕಂಟ್ರೋಲರ್. ನಡೆಯುತ್ತಿರುವ ಗಾಡಿಗಳಲ್ಲಿ ಯಾವುದನ್ನು ಮುಂದೆ ಬಿಡಬೇಕು, ಯಾವುದನ್ನು ಲೂಪಿಗೆ (ಸ್ಟೇಷನ್ನಿನ ಪಕ್ಕದ ಲೈನಿಗೆ) ಹಾಕಬೇಕು ಅಂತ ತೀರ್ಮಾನಿಸುವವರು ಸೆಕ್ಷನ್ ಕಂಟ್ರೋಲರ್. ಎಲೆಕ್ಟ್ರಿಕ್ ಇಂಜಿನ್ ಕೈಕೊಟ್ಟರೆ ಫೋನ್ ಮಾಡಬೇಕಾದದ್ದು ಟಿಎಲ್‌ಸಿಗೆ, ಅಂದರೆ ಟ್ರ್ಯಾಕ್ಷನ್ ಲೋಕೋ ಕಂಟ್ರೋಲರ್‌ಗೆ. ಈ ಮೂವರನ್ನು ಒಬ್ಬರಿಗೊಬ್ಬರು ಬೆರೆಸಿಕೊಳ್ಳಬೇಡಿ.

ಸೈನ್ ಆನ್ ಆದ ಮೇಲೆ ಹೊಸ ಸರ್ಕ್ಯುಲರ್ ಓದಬೇಕು, ವರ್ಕಿಂಗ್ ಟೈಮ್ ಟೇಬಲ್ ಕೈಲಿರಬೇಕು. ಪ್ರಯಾಣಿಕರ ಟೈಮ್ ಟೇಬಲ್‌ನಲ್ಲಿ ಇಲ್ಲದ್ದೆಲ್ಲ ಅದರಲ್ಲಿ ಇರುತ್ತದೆ. ಯಾವ ಸೆಕ್ಷನ್ನಿಗೆ ಎಷ್ಟು ಗರಿಷ್ಠ ವೇಗ, ಎಲ್ಲೆಲ್ಲಿ ಶಾಶ್ವತ ವೇಗ ಮಿತಿ, ಏರು ಇಳಿಜಾರು ಎಷ್ಟು, ಎಲ್ಲವೂ.

ಲಾಬಿಯಲ್ಲಿ ಪದೇ ಪದೇ ಕೇಳುವ ಇನ್ನೊಂದು ಮಾತು ಎಲ್‌ಆರ್. ಲರ್ನಿಂಗ್ ರೋಡ್. ಒಂದು ಸೆಕ್ಷನ್ನಿನಲ್ಲಿ ಸ್ವತಂತ್ರವಾಗಿ ಕೆಲಸ ಮಾಡುವ ಮುಂಚೆ ಅದೇ ದಾರಿಯಲ್ಲಿ ಹಗಲೂ ರಾತ್ರಿಯೂ ಹೋಗಿ ಸಿಗ್ನಲ್, ಗೇಟು, ತಿರುವು ಎಲ್ಲವನ್ನೂ ಕಲಿತು ಸಹಿ ಹಾಕಬೇಕು. ಆ ಸಹಿ ಅಂದರೆ ಈ ದಾರಿ ನನಗೆ ಗೊತ್ತು ಅಂತ ಬರೆದುಕೊಟ್ಟ ಹಾಗೆ. ಗೊತ್ತಿಲ್ಲದಿದ್ದರೆ ಸಹಿ ಹಾಕಬೇಡಿ, ಇನ್ನೊಂದು ಟ್ರಿಪ್ ಕೇಳಿ. ಇದನ್ನು ಕೇಳಲು ಯಾವ ಸಂಕೋಚವೂ ಬೇಡ.

ಹಂತ 2: ಕಾಷನ್ ಆರ್ಡರ್ ಓದುವುದು

ಇದಕ್ಕೆ ಬೇರೆಯೇ ಜಾಗ ಕೊಡುತ್ತಿದ್ದೇನೆ, ಯಾಕೆಂದರೆ ಹೊಸಬರು ಇದನ್ನು ಮಡಚಿ ಜೇಬಿಗೆ ಹಾಕಿಬಿಡುತ್ತಾರೆ. ಕಾಷನ್ ಆರ್ಡರ್ ಫಾರಂ ಟಿ/409. ಮುಂದಿನ ದಾರಿಯಲ್ಲಿ ಎಲ್ಲೆಲ್ಲಿ ತಾತ್ಕಾಲಿಕ ವೇಗ ಮಿತಿ ಇದೆ ಅಂತ ಅದರಲ್ಲಿ ಸಾಲಾಗಿ ಬರೆದಿರುತ್ತದೆ. ಯಾವ ಎರಡು ಸ್ಟೇಷನ್ ನಡುವೆ, ಯಾವ ಕಿಲೋಮೀಟರ್‌ನಿಂದ ಯಾವ ಕಿಲೋಮೀಟರ್‌ಗೆ, ಎಷ್ಟು ಸ್ಪೀಡು, ಯಾಕೆ. ಒಂದೂ ಮಿತಿ ಇಲ್ಲದಿದ್ದರೆ ಟಿ/ಎ 409 ಕೊಡುತ್ತಾರೆ, ಅದನ್ನು ನಿಲ್ ಕಾಷನ್ ಆರ್ಡರ್ ಅನ್ನುತ್ತೇವೆ. ಏನೂ ಇಲ್ಲ ಅನ್ನುವುದಕ್ಕೂ ಕಾಗದ ಯಾಕೆ ಅಂತ ಅನ್ನಿಸಬಹುದು. ಕಾಗದ ಸಿಗದೇ ಹೋಯಿತೋ, ನಿಜಕ್ಕೂ ಮಿತಿ ಇಲ್ಲವೋ ಅನ್ನುವ ಅನುಮಾನ ಉಳಿಯಬಾರದು, ಅದಕ್ಕೆ.

ಓದುವ ಕ್ರಮ ಹೀಗಿರಲಿ. ಕಿಲೋಮೀಟರ್ 112/4 ರಿಂದ 112/8 ಅಂತ ಇದೆ ಅಂದುಕೊಳ್ಳಿ. ವಿದ್ಯುತ್ ಲೈನ್ ಇರುವ ಕಡೆ ಗೆರೆಯ ಹಿಂದಿನ ಅಂಕಿ ಕಿಲೋಮೀಟರ್, ಮುಂದಿನದು ಆ ಕಿಲೋಮೀಟರಿನೊಳಗಿನ ಕಂಬದ ಸಂಖ್ಯೆ. ಆ ಜಾಗದ ಮುಂಚೆ ಬರುವ ಸ್ಟೇಷನ್ ಯಾವುದು, ಗೇಟು ಯಾವುದು ಅಂತ ಲೋಕೋ ಪೈಲಟ್ ಜೊತೆ ಕೂತು ಗುರುತು ಮಾಡಿಕೊಳ್ಳಿ. ನೀವೂ ಓದಬೇಕು, ಅವರೂ ಓದಬೇಕು. ಗಾಡಿ ಆ ಜಾಗದ ಹತ್ತಿರ ಬಂದಾಗ ನೆನಪಿಸುವುದು ಅಸಿಸ್ಟೆಂಟ್ ಕೆಲಸ. ಇನ್ನೊಂದು ಮಾತು, ಇಂಜಿನ್ ಮಾತ್ರ ಆ ಜಾಗ ದಾಟಿದರೆ ಸಾಲದು, ಗಾಡಿಯ ಕೊನೆಯ ಡಬ್ಬಿ ದಾಟುವವರೆಗೂ ಅದೇ ಸ್ಪೀಡು.

ಹಂತ 3: ಇಂಜಿನ್, ರೇಕ್ ಮತ್ತು ಬ್ರೇಕ್

ರೇಕ್ ಅಂದರೆ ಒಟ್ಟಿಗೆ ಜೋಡಿಸಿದ ಡಬ್ಬಿಗಳ ಸಾಲು. ಬಿಪಿಸಿ ಅಂದರೆ ಬ್ರೇಕ್ ಪವರ್ ಸರ್ಟಿಫಿಕೇಟ್, ಈ ರೇಕಿನಲ್ಲಿ ಬ್ರೇಕ್ ಇಷ್ಟು ಸರಿಯಾಗಿದೆ ಅಂತ ತಪಾಸಣೆ ಮಾಡಿದವರು ಕೊಟ್ಟ ಪತ್ರ. ಅದು ಈಗಲೂ ಚಾಲ್ತಿಯಲ್ಲಿದೆಯಾ, ಇದೇ ರೇಕಿನದ್ದಾ ಅಂತ ನೋಡಿ. ಬಿಪಿ ಅಂದರೆ ಬ್ರೇಕ್ ಪೈಪ್, ಇಂಜಿನ್ನಿನಲ್ಲಿ 5 ಕೆಜಿ ಒತ್ತಡ. ಎಫ್‌ಪಿ ಅಂದರೆ ಫೀಡ್ ಪೈಪ್, 6 ಕೆಜಿ. ಎ-9 ಹಿಡಿ ಇಡೀ ಗಾಡಿಯ ಬ್ರೇಕಿಗೆ, ಎಸ್‌ಎ-9 ಇಂಜಿನ್ನಿಗೆ ಮಾತ್ರ. ಕಂಟಿನ್ಯುಟಿ ಟೆಸ್ಟ್ ಅಂದರೆ ಇಂಜಿನ್ನಿನಿಂದ ಹಿಡಿದು ಕೊನೆಯ ಡಬ್ಬಿವರೆಗೆ ಗಾಳಿ ಅಡ್ಡಿಯಿಲ್ಲದೆ ಹೋಗುತ್ತಿದೆಯಾ ಅಂತ ಖಚಿತ ಮಾಡಿಕೊಳ್ಳುವುದು. ಹಿಂದೆ ಇರುವ ಟ್ರೈನ್ ಮ್ಯಾನೇಜರ್ (2022ರ ಜನವರಿವರೆಗೆ ಗಾರ್ಡ್ ಅಂತಿದ್ದ ಹುದ್ದೆ, ಈಗಲೂ ಎಲ್ಲರ ಬಾಯಲ್ಲಿ ಗಾರ್ಡೇ) ತಮ್ಮ ಕಡೆಯ ಗೇಜಿನಲ್ಲಿ ಒತ್ತಡ ಇಳಿದು ಏರುವುದನ್ನು ನೋಡಿ ಹೇಳುತ್ತಾರೆ.

ವಿಸಿಡಿ, ಅಂದರೆ ಲೋಕೋ ಪೈಲಟ್ ಎಚ್ಚರವಾಗಿದ್ದಾರಾ ಅಂತ ನೋಡುವ ವಿಜಿಲೆನ್ಸ್ ಕಂಟ್ರೋಲ್ ಡಿವೈಸ್ ಬಗ್ಗೆ ಒಂದು ಸಾಲು. 60 ಸೆಕೆಂಡ್ ಲೋಕೋ ಪೈಲಟ್ ಏನೂ ಮಾಡದಿದ್ದರೆ ದೀಪ ಮಿಣುಕುತ್ತದೆ, ಆಮೇಲೆ ಬಜರ್, ಅದಕ್ಕೂ ಪ್ರತಿಕ್ರಿಯೆ ಇಲ್ಲದಿದ್ದರೆ ತಾನೇ ಬ್ರೇಕ್ ಹಾಕುತ್ತದೆ.

ಹಂತ 4: ಸಿಗ್ನಲ್‌ಗಳನ್ನು ಹೆಸರಿನಿಂದ ಗುರುತಿಸುವುದು

ಇಲ್ಲಿ ನಿಧಾನವಾಗಿ ಹೋಗೋಣ. ಬಣ್ಣ ನೋಡುವುದು ಎಲ್ಲರಿಗೂ ಬರುತ್ತದೆ. ಇದು ಯಾವ ಸಿಗ್ನಲ್ ಅನ್ನುವುದು ಗೊತ್ತಿಲ್ಲದಿದ್ದರೆ ಬಣ್ಣ ಗೊತ್ತಾಗಿ ಉಪಯೋಗವಿಲ್ಲ, ಯಾಕೆಂದರೆ ಒಂದೇ ಕೆಂಪಿಗೆ ಒಂದೊಂದು ಸಿಗ್ನಲ್ಲಿನಲ್ಲಿ ಒಂದೊಂದು ನಿಯಮ.

ಒಂದು ಸ್ಟೇಷನ್ ಕಡೆ ಬರುತ್ತಿದ್ದೀರಿ ಅಂದುಕೊಳ್ಳಿ. ಮೊದಲು ಸಿಗುವುದು ಡಿಸ್ಟೆಂಟ್. ಕಂಬದ ಮೇಲೆ ಬಿಳಿ ದುಂಡು ಫಲಕ, ಅದರಲ್ಲಿ ಕಪ್ಪು ಬಣ್ಣದ ಇಂಗ್ಲಿಷ್ ಪಿ ಅಕ್ಷರ. ಇದು ಪರ್ಮಿಸಿವ್ ಸಿಗ್ನಲ್, ಅಂದರೆ ಇಲ್ಲಿ ನಿಲ್ಲಿಸುವ ಕೆಲಸವಿಲ್ಲ, ಮುಂದಿನ ಸ್ಟಾಪ್ ಸಿಗ್ನಲ್ ಏನು ಹೇಳಲಿದೆ ಅಂತ ಮುಂಚೆಯೇ ತಿಳಿಸುತ್ತದೆ. ಸ್ಟಾಪ್ ಸಿಗ್ನಲ್‌ಗಿಂತ ಕನಿಷ್ಠ 1 ಕಿಲೋಮೀಟರ್ ಹಿಂದೆ ಇರುತ್ತದೆ. ವೇಗ ಜಾಸ್ತಿ ಇರುವ ಸೆಕ್ಷನ್‌ಗಳಲ್ಲಿ ಎರಡು ಇರುತ್ತವೆ. ಸುಮಾರು 2 ಕಿಲೋಮೀಟರ್ ದೂರದ್ದು ಡಿಸ್ಟೆಂಟ್, 1 ಕಿಲೋಮೀಟರ್‌ನದ್ದು ಇನ್ನರ್ ಡಿಸ್ಟೆಂಟ್. ಇಂಥ ಕಡೆ ಹೊರಗಿನ ಡಿಸ್ಟೆಂಟ್ ಒಂಟಿ ಹಳದಿ ತೋರಿಸುವುದಿಲ್ಲ, ಎರಡು ಹಳದಿ ಇಲ್ಲವೇ ಹಸಿರು.

ಆಮೇಲೆ ಹೋಮ್. ಸ್ಟೇಷನ್ನಿನ ಬಾಗಿಲು ಇದೇ. ಸಾಮಾನ್ಯವಾಗಿ ಒಳಬರುವ ಕಡೆಯ ಮೊದಲ ಸ್ಟಾಪ್ ಸಿಗ್ನಲ್ ಇದಾಗಿರುತ್ತದೆ. ಹೋಮ್ ಮೇಲೆ ರೂಟ್ ಇಂಡಿಕೇಟರ್ ಇದ್ದರೆ ಓರೆಯಾಗಿ ಸಾಲಾಗಿ ಉರಿಯುವ ಬಿಳಿ ದೀಪಗಳು ನಿಮ್ಮನ್ನು ಯಾವ ಕಡೆಯ ಲೈನಿಗೆ ತೆಗೆದುಕೊಳ್ಳುತ್ತಿದ್ದಾರೆ ಅಂತ ಹೇಳುತ್ತವೆ. ದೊಡ್ಡ ಯಾರ್ಡಿನಲ್ಲಿ ದೀಪದ ಬದಲು ಅಂಕಿ ಕಾಣಿಸುವ ಬಗೆಯದ್ದೂ ಇದೆ. ಹಳದಿ ಜೊತೆ ಓರೆ ದೀಪ ಕಂಡರೆ ಲೂಪ್ ಲೈನು, ಪಾಯಿಂಟಿನ ಮೇಲೆ, ಅಂದರೆ ಹಳಿ ಕವಲೊಡೆಯುವ ಜಾಗದಲ್ಲಿ, ಅಲ್ಲಿಗೆ ಗೊತ್ತುಮಾಡಿದ ವೇಗ, ಹೆಚ್ಚಿನ ಕಡೆ ಗಂಟೆಗೆ 15 ಅಥವಾ 30 ಕಿಲೋಮೀಟರ್. ಹೋಮ್ ಆದ ಮೇಲೆ ಹಲವು ದಾರಿ ಕವಲೊಡೆಯುವ ಕಡೆ ಇನ್ನೊಂದು ರೂಟಿಂಗ್ ಹೋಮ್ ಕೂಡ ಸಿಗಬಹುದು.

ಸ್ಟೇಷನ್ನಿನಿಂದ ಹೊರಡುವಾಗ ಸಿಗುವುದು ಸ್ಟಾರ್ಟರ್. ಅದರಾಚೆ ಇರುವುದು ಅಡ್ವಾನ್ಸ್ಡ್ ಸ್ಟಾರ್ಟರ್. ಈ ಎರಡರಲ್ಲಿ ಕೊನೆಯಲ್ಲಿ ಯಾವುದಿದೆಯೋ ಅದೇ ಎಲ್‌ಎಸ್‌ಎಸ್, ಲಾಸ್ಟ್ ಸ್ಟಾಪ್ ಸಿಗ್ನಲ್. ಅಡ್ವಾನ್ಸ್ಡ್ ಸ್ಟಾರ್ಟರ್ ಇಲ್ಲದ ಸ್ಟೇಷನ್ನಿನಲ್ಲಿ ಸ್ಟಾರ್ಟರೇ ಎಲ್‌ಎಸ್‌ಎಸ್. ಇದರ ಮಹತ್ವ ಏನು ಅಂತ ಬ್ಲಾಕ್ ಬಗ್ಗೆ ಹೇಳುವಾಗ ಬರುತ್ತದೆ.

ಕಂಬದ ಮೇಲಿನ ಅಕ್ಷರಗಳನ್ನು ಕಣ್ಣಿಗೆ ರೂಢಿ ಮಾಡಿಸಿಕೊಳ್ಳಿ. ಬಿಳಿ ಫಲಕದಲ್ಲಿ ಕಪ್ಪು ಎ ಇದ್ದರೆ ಆಟೋಮ್ಯಾಟಿಕ್ ಸಿಗ್ನಲ್. ಹಳದಿ ಫಲಕದಲ್ಲಿ ಕಪ್ಪು ಜಿ ಇದ್ದರೆ ಗೇಟ್ ಸ್ಟಾಪ್ ಸಿಗ್ನಲ್. ಬಿಳಿ ಫಲಕದಲ್ಲಿ ಐಬಿ ಇದ್ದರೆ ಎರಡು ಸ್ಟೇಷನ್ ನಡುವಿನ ದಾರಿಯನ್ನು ಎರಡು ಭಾಗ ಮಾಡುವ ಇಂಟರ್ಮೀಡಿಯೆಟ್ ಬ್ಲಾಕ್ ಸ್ಟಾಪ್ ಸಿಗ್ನಲ್, ಬಾಯಿಮಾತಲ್ಲಿ ಐಬಿಎಸ್. ಸಿ ಇದ್ದರೆ ಕಾಲಿಂಗ್ ಆನ್. ಯಾವ ಅಕ್ಷರವೂ ಇಲ್ಲದ ಸ್ಟಾಪ್ ಸಿಗ್ನಲ್ ಕೆಂಪಾಗಿದ್ದರೆ ನಿಂತ ಜಾಗದಿಂದ ಅಲುಗಾಡಬಾರದು, ಅಧಿಕಾರದ ಚೀಟಿಯೋ ಕಾಲಿಂಗ್ ಆನ್‌ನಂಥ ನಿಯಮದ ಅನುಮತಿಯೋ ಬರುವವರೆಗೆ.

ಆನ್ ಮತ್ತು ಆಫ್ ಅನ್ನುವ ಎರಡು ಮಾತು ದಿನವೂ ಕೇಳುತ್ತೀರಿ. ಸಿಗ್ನಲ್ ಆನ್ ಅಂದರೆ ಅದು ತೋರಿಸಬಲ್ಲ ಅತಿ ಬಿಗಿಯಾದ ಸ್ಥಿತಿಯಲ್ಲಿದೆ. ಆಫ್ ಅಂದರೆ ಅದಕ್ಕಿಂತ ಸಡಿಲ. ಮನೆಯ ಬಲ್ಬಿನ ಲೆಕ್ಕದಲ್ಲಿ ಯೋಚನೆ ಮಾಡಿದರೆ ಉಲ್ಟಾ ಆಗುತ್ತದೆ, ಹುಷಾರು.

ಹಂತ 5: ನಾಲ್ಕು ಬಣ್ಣ, ನಾಲ್ಕು ಮಾತು

ಕೆಂಪು, ನಿಲ್ಲಿ. ಒಂದು ಹಳದಿ, ಅಂದರೆ ಕಾಷನ್: ಮುಂದಿನ ಸ್ಟಾಪ್ ಸಿಗ್ನಲ್‌ನಲ್ಲಿ ನಿಲ್ಲಲು ಸಿದ್ಧವಾಗಿ ಹೋಗಿ. ಎರಡು ಹಳದಿ, ಅಂದರೆ ಅಟೆನ್ಷನ್: ಮುಂದಿನ ಸಿಗ್ನಲನ್ನು ಗೊತ್ತುಮಾಡಿದ ಕಡಿಮೆ ವೇಗದಲ್ಲಿ ದಾಟಲು ಸಿದ್ಧವಾಗಿ ಹೋಗಿ. ಹಸಿರು, ಪ್ರೊಸೀಡ್.

ಇದರಲ್ಲಿ ಜಾಸ್ತಿ ತಪ್ಪು ಆಗುವುದು ಒಂಟಿ ಹಳದಿಯಲ್ಲಿ. ಹಳದಿ ದಾಟಿದ ಮೇಲೆ, ಹತ್ತಿರ ಹೋಗುವಷ್ಟರಲ್ಲಿ ಹೋಮ್ ಹಳದಿಗೋ ಹಸಿರಿಗೋ ಬದಲಾಗುತ್ತದೆ ಅನ್ನುವ ನಂಬಿಕೆ ನಿಧಾನವಾಗಿ ತಲೆಯೊಳಗೆ ಬೆಳೆಯುತ್ತದೆ, ಯಾಕೆಂದರೆ ಬಹಳ ಸಲ ಹಾಗೆಯೇ ಆಗುತ್ತದೆ. ದಯವಿಟ್ಟು ಆ ಅಭ್ಯಾಸ ಬೇಡ. ಹಳದಿ ಕಂಡಿತೋ, ಮುಂದೆ ಕೆಂಪು ಇದೆ ಅಂತಲೇ ಗಾಡಿ ಹಿಡಿತಕ್ಕೆ ಬರಬೇಕು. ಕೆಂಪು ಸಿಗ್ನಲನ್ನು ಅನುಮತಿ ಇಲ್ಲದೆ ದಾಟುವುದನ್ನು ಸ್ಪ್ಯಾಡ್ ಅನ್ನುತ್ತಾರೆ. 2012ರ ಮೇ 22ರಂದು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುತ್ತಿದ್ದ ಹಂಪಿ ಎಕ್ಸ್‌ಪ್ರೆಸ್ ನಸುಕಿನಲ್ಲಿ ಪೆನುಕೊಂಡ ಸ್ಟೇಷನ್ನಿನಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಗುದ್ದಿದ್ದು ಕೆಂಪು ಸಿಗ್ನಲ್ ದಾಟಿಯೇ. ನಮ್ಮ ಊರುಗಳ ಎಷ್ಟೋ ಮನೆಗಳಿಗೆ ಆ ಬೆಳಗ್ಗೆ ಇನ್ನೂ ನೆನಪಿದೆ.

ಇದನ್ನು ತಡೆಯಲೆಂದೇ ಕವಚ್ ಬರುತ್ತಿದೆ. ಲೋಕೋ ಪೈಲಟ್ ಬ್ರೇಕ್ ಹಾಕದಿದ್ದರೆ ತಾನೇ ಹಾಕುವ ವ್ಯವಸ್ಥೆ, 2020ರಲ್ಲಿ ದೇಶದ ಅಧಿಕೃತ ರಕ್ಷಣಾ ವ್ಯವಸ್ಥೆ ಅಂತ ಒಪ್ಪಿಕೊಂಡದ್ದು. ಎಲ್ಲ ಸೆಕ್ಷನ್ನಿಗೂ ಬರುವವರೆಗೆ ಕ್ಯಾಬಿನಲ್ಲಿರುವ ನಾಲ್ಕು ಕಣ್ಣುಗಳೇ ರಕ್ಷಣೆ.

ಹಂತ 6: ಸಿಗ್ನಲ್ ಕೂಗುವುದು

ಕಾಲಿಂಗ್ ಔಟ್ ಅಂದರೆ ಸಿಗ್ನಲ್ ಕಂಡ ಕೂಡಲೇ ಅದರ ಹೆಸರು ಮತ್ತು ಬಣ್ಣ ಎರಡನ್ನೂ ಜೋರಾಗಿ ಹೇಳುವುದು. ಕ್ಯಾಬಿನಲ್ಲಿ ಹೀಗೆ ನಡೆಯುತ್ತದೆ:

"ಡಿಸ್ಟೆಂಟ್ ಡಬಲ್ ಯೆಲ್ಲೋ, ಸರ್."
"ಡಿಸ್ಟೆಂಟ್ ಡಬಲ್ ಯೆಲ್ಲೋ."
"ಹೋಮ್ ಯೆಲ್ಲೋ, ಲೂಪ್ ಲೈನ್, ಸರ್."
"ಹೋಮ್ ಯೆಲ್ಲೋ, ಲೂಪ್ ಲೈನ್. ಸ್ಪೀಡ್ 30."
"ಸ್ಟಾರ್ಟರ್ ರೆಡ್, ಸರ್."
"ಸ್ಟಾರ್ಟರ್ ರೆಡ್. ನಿಲ್ಲಿಸ್ತಿದ್ದೀನಿ."

ಕೈ ಕೂಡ ಸಿಗ್ನಲ್ ಕಡೆ ತೋರಿಸಬೇಕು. ಬರೀ ಗ್ರೀನ್ ಸರ್ ಅಂದರೆ ಸಾಲದು. ಎರಡು ಮೂರು ಲೈನ್ ಪಕ್ಕಪಕ್ಕ ಇರುವ ಕಡೆ ನೀವು ನೋಡಿದ ಹಸಿರು ಪಕ್ಕದ ಲೈನಿನದ್ದೂ ಆಗಿರಬಹುದು, ಹೆಸರು ಹೇಳುವಾಗ ಕಣ್ಣು ಇನ್ನೊಂದು ಸಲ ಕಂಬ ಹುಡುಕುತ್ತದೆ. ಕಾಣದಿದ್ದರೆ ಕಾಣಲಿಲ್ಲ ಅಂತಲೇ ಹೇಳಿ. ಅವರು ಎಷ್ಟೇ ಹಿರಿಯರಾಗಿರಲಿ, ಸಿಗ್ನಲ್ ಕೆಂಪಿದ್ದು ಸ್ಪೀಡ್ ಇಳಿಯುತ್ತಿಲ್ಲ ಅನ್ನಿಸಿದರೆ ಎರಡನೇ ಸಲ ಜೋರಾಗಿ ಕೂಗಬೇಕು, ಆಗಲೂ ಆಗದಿದ್ದರೆ ನಿಮ್ಮ ಕಡೆ ಇರುವ ಎಮರ್ಜೆನ್ಸಿ ಬ್ರೇಕ್ ಎಳೆಯಬೇಕು. ಆಮೇಲೆ ಬೈಗುಳ ಸಿಕ್ಕರೂ ಪರವಾಗಿಲ್ಲ. ಆ ಹಿಡಿ ಅಲ್ಲಿರುವುದು ಅದಕ್ಕೇ.

ಹಂತ 7: ಬ್ಲಾಕ್ ಮತ್ತು ಲೈನ್ ಕ್ಲಿಯರ್

ಎರಡು ಸ್ಟೇಷನ್ ನಡುವಿನ ಹಳಿಯ ತುಂಡು ಬ್ಲಾಕ್ ಸೆಕ್ಷನ್. ಅಬ್ಸೊಲ್ಯೂಟ್ ಬ್ಲಾಕ್ ಪದ್ಧತಿಯಲ್ಲಿ ಒಂದು ಸಲಕ್ಕೆ ಒಂದು ಲೈನಿನಲ್ಲಿ ಒಂದೇ ಗಾಡಿ. ಮುಂದಿನ ಸ್ಟೇಷನ್ ಮಾಸ್ಟರ್ ಒಪ್ಪಿಗೆ ಕೊಡದೆ ಹಿಂದಿನವರು ಗಾಡಿ ಬಿಡುವಂತಿಲ್ಲ. ಆ ಒಪ್ಪಿಗೆಯೇ ಲೈನ್ ಕ್ಲಿಯರ್. ಲೈನ್ ಕ್ಲಿಯರ್ ಸಿಗದೆ ಎಲ್‌ಎಸ್‌ಎಸ್ ಆಫ್ ಆಗದ ಹಾಗೆ ವ್ಯವಸ್ಥೆ ಮಾಡಿರುತ್ತಾರೆ. ಅದಕ್ಕೇ ಎಲ್‌ಎಸ್‌ಎಸ್ ಆಫ್ ಆಗುವುದೇ ನಿಮಗೆ ಬ್ಲಾಕ್ ಸೆಕ್ಷನ್ನಿಗೆ ಹೋಗಲು ಅಧಿಕಾರ. ಟೋಕನ್ ಪದ್ಧತಿ ಇರುವ ಸಿಂಗಲ್ ಲೈನಿನಲ್ಲಿ ಕೈಗೆ ಬರುವ ಟೋಕನ್ನೇ ಅಧಿಕಾರ, ಅದರ ಮೇಲಿನ ಸ್ಟೇಷನ್ ಹೆಸರು ಓದದೆ ಹೊರಡಬಾರದು.

ಲೈನ್ ಕ್ಲಿಯರ್ ಕೊಡುವ ಸ್ಟೇಷನ್ನಿನಲ್ಲಿ ಮೊದಲ ಸ್ಟಾಪ್ ಸಿಗ್ನಲ್ ಆಚೆಗೂ ಸ್ವಲ್ಪ ಹಳಿ ಖಾಲಿ ಇರಬೇಕು, ಗಾಡಿ ಅಕಸ್ಮಾತ್ ಜಾರಿದರೂ ಗುದ್ದದಿರಲಿ ಅಂತ. ಬಣ್ಣದ ದೀಪಗಳ ಬಹುಸ್ಥಿತಿ ಸಿಗ್ನಲ್ ಇರುವ ಕಡೆ ಇದು 180 ಮೀಟರ್, ಹೆಸರು ಬ್ಲಾಕ್ ಓವರ್‌ಲ್ಯಾಪ್. ಒಳಗೆ ಸ್ಟಾರ್ಟರ್ ಆಚೆ ಬಿಡುವ ಇಂಥದ್ದೇ ಜಾಗ ಸಿಗ್ನಲ್ ಓವರ್‌ಲ್ಯಾಪ್, 120 ಮೀಟರ್. ಇದು ನಿಮ್ಮ ಬಳಕೆಗೆ ಇಟ್ಟ ಜಾಗ ಅಂದುಕೊಳ್ಳಬೇಡಿ. ಸಿಗ್ನಲ್ ಹಿಂದೆಯೇ ನಿಲ್ಲಬೇಕು.

ಗಾಡಿ ಪೂರ್ತಿ ಬಂತು ಅಂತ ಗೊತ್ತಾಗುವುದು ಹೇಗೆ? ಕೊನೆಯ ಡಬ್ಬಿಯ ಎಲ್‌ವಿ ಫಲಕ, ರಾತ್ರಿ ಟೈಲ್ ಲ್ಯಾಂಪ್. ಈಗ ಹಲವು ಕಡೆ ಬಿಪ್ಯಾಕ್ ಇದೆ, ಒಳಹೋದ ಅಚ್ಚುಗಳನ್ನೂ ಹೊರಬಂದ ಅಚ್ಚುಗಳನ್ನೂ ಯಂತ್ರವೇ ಎಣಿಸಿ ಸೆಕ್ಷನ್ ಖಾಲಿ ಅನ್ನುತ್ತದೆ. ಲೂಪಿನಲ್ಲಿ ನಿಂತಾಗ ಗಾಡಿಯ ಬಾಲ ಫೌಲಿಂಗ್ ಮಾರ್ಕ್ ಒಳಗೆ ಬಂದಿರಬೇಕು. ಎರಡು ಹಳಿ ಹತ್ತಿರವಾಗುತ್ತಾ ಹೋಗುವ ಜಾಗದಲ್ಲಿ ನೆಲದಲ್ಲಿ ಹೂತಿರುವ ಗುರುತು ಅದು, ಅದರಾಚೆ ಡಬ್ಬಿ ಉಳಿದರೆ ಪಕ್ಕದ ಲೈನಿನ ಗಾಡಿಗೆ ತಾಗುತ್ತದೆ.

ಆಟೋಮ್ಯಾಟಿಕ್ ಬ್ಲಾಕ್ ಬೇರೆ ಲೆಕ್ಕ. ಎರಡು ಸ್ಟೇಷನ್ ನಡುವೆ ಹಲವು ಸಿಗ್ನಲ್‌ಗಳು, ಮುಂದಿನ ಗಾಡಿ ಸರಿದ ಹಾಗೆ ತಾವಾಗಿಯೇ ಬಣ್ಣ ಬದಲಿಸುತ್ತವೆ, ಒಂದರ ಹಿಂದೆ ಒಂದು ಗಾಡಿ ಬಿಡಬಹುದು. ದಟ್ಟಣೆ ಇರುವ ನಗರಗಳ ಸುತ್ತ ಇದೇ ಜಾಸ್ತಿ.

ಹಂತ 8: ಕೆಂಪು ಸಿಕ್ಕಾಗ

ಎ ಗುರುತಿನ ಆಟೋಮ್ಯಾಟಿಕ್ ಸಿಗ್ನಲ್ ಕೆಂಪು: ನಿಲ್ಲಿಸಿ, ಹಗಲಲ್ಲಿ 1 ನಿಮಿಷ, ರಾತ್ರಿ 2 ನಿಮಿಷ ಕಾಯಿರಿ. ಆಮೇಲೂ ಕೆಂಪೇ ಇದ್ದರೆ ಬಹಳ ಜಾಗ್ರತೆಯಿಂದ, ಎಸ್.ಆರ್. ಹೇಳಿದ ನಿಧಾನದ ವೇಗದಲ್ಲಿ ಹೊರಡಬಹುದು. ಮುಂದೆ ಗಾಡಿ ನಿಂತಿದೆ ಅಂತಲೇ ಲೆಕ್ಕ. ಮುಂದಿನ ಸಿಗ್ನಲ್ ದೂರದಿಂದ ಹಸಿರು ಕಂಡರೂ ಅದನ್ನು ತಲುಪುವವರೆಗೆ ಸ್ಪೀಡ್ ಏರಿಸಬಾರದು.

ಜಿ ಗುರುತಿನ ಗೇಟ್ ಸಿಗ್ನಲ್ ಕೆಂಪು: ಸೀಟಿ ಹಾಕಿ ನಿಲ್ಲಿಸಿ, ಅದೇ 1 ನಿಮಿಷ, 2 ನಿಮಿಷ. ಆಮೇಲೆ ಗೇಟಿನವರೆಗೆ ಮಾತ್ರ ನಿಧಾನ ಹೋಗಿ. ಗೇಟ್‌ಮನ್ ಕೈಸಿಗ್ನಲ್ ತೋರಿಸಿದರೆ ದಾಟಬಹುದು. ಯಾರೂ ಇಲ್ಲದಿದ್ದರೆ ಗೇಟಿಗಿಂತ ಮುಂಚೆ ನಿಂತು, ಇಳಿದುಹೋಗಿ ಗೇಟು ಮುಚ್ಚಿದೆ ಅಂತ ಖಚಿತ ಮಾಡಿಕೊಂಡು ಗಾಡಿ ದಾಟಿಸಬೇಕು.

ಐಬಿಎಸ್ ಕೆಂಪು: ಕಂಬದಲ್ಲಿರುವ ಫೋನಿನಿಂದ ಹಿಂದಿನ ಸ್ಟೇಷನ್ ಮಾಸ್ಟರ್ ಜೊತೆ ಮಾತಾಡಿ, ಅವರು ಹೇಳಿದಂತೆ ನಡೆಯಿರಿ. ಫೋನ್ ಸಿಗದಿದ್ದರೆ 5 ನಿಮಿಷ ಕಾದು, ಮುಂದೆ ಚೆನ್ನಾಗಿ ಕಾಣುತ್ತಿದ್ದರೆ 15 ಕಿಲೋಮೀಟರ್, ಇಲ್ಲದಿದ್ದರೆ 8 ಕಿಲೋಮೀಟರ್ ವೇಗ ಮೀರದೆ ಹೋಗಬೇಕು.

ಕಾಲಿಂಗ್ ಆನ್: ಕೆಂಪಿನ ಕೆಳಗೆ ಚಿಕ್ಕ ಹಳದಿ ದೀಪ. ಮೊದಲು ಪೂರ್ತಿ ನಿಲ್ಲಬೇಕು, ನಿಂತ ಮೇಲೆ ಆ ದೀಪ ಬಂದರೆ ತಡೆ ಕಂಡಲ್ಲಿ ನಿಲ್ಲುವ ಹಾಗೆ ಒಳಗೆ ಹೋಗಬಹುದು. ಹೋಗುವ ಲೈನಿನಲ್ಲಿ ಆಗಲೇ ಗಾಡಿ ಇರಬಹುದು.

ಹಂತ 9: ಚೀಟಿಗಳು

ಟಿ/369(3ಬಿ) ಅಂದರೆ ಕೆಟ್ಟುಹೋದ ಸ್ಟಾಪ್ ಸಿಗ್ನಲನ್ನು ದಾಟಲು ಸ್ಟೇಷನ್ ಮಾಸ್ಟರ್ ಕೊಡುವ ಅಧಿಕಾರ. ಸಿಗ್ನಲ್ ಕೆಟ್ಟಿದೆ ಅಂತ ಹಿಂದಿನ ಸ್ಟೇಷನ್ನಿನಲ್ಲೇ ಮುಂಚಿತವಾಗಿ ಕೊಡುವುದು ಟಿ/369(1). ಎಲ್‌ಎಸ್‌ಎಸ್ಸೇ ಕೆಟ್ಟಿದ್ದರೆ ಸಿಗ್ನಲ್ ದಾಟುವ ಚೀಟಿ ಮಾತ್ರ ಸಾಲದು, ಬ್ಲಾಕ್ ಸೆಕ್ಷನ್ನಿಗೂ ಅಧಿಕಾರ ಬೇಕಲ್ವಾ? ಅದಕ್ಕೆ ಪೇಪರ್ ಲೈನ್ ಕ್ಲಿಯರ್ ಟಿಕೆಟ್ ಕೂಡ ಕೊಡುತ್ತಾರೆ: ಅಪ್ ಗಾಡಿಗೆ ಟಿ/ಸಿ 1425, ಡೌನ್ ಗಾಡಿಗೆ ಟಿ/ಡಿ 1425. ಡಬಲ್ ಲೈನಿನಲ್ಲಿ ಎಲ್ಲ ಸಂಪರ್ಕವೂ ಕಡಿದುಹೋದಾಗ ಟಿ/ಸಿ 602, ಸಿಂಗಲ್ ಲೈನಿನಲ್ಲಿ ಟಿ/ಬಿ 602. ಗಾಡಿ ನಿಂತಿರುವ ಸೆಕ್ಷನ್ನಿಗೆ ಸಹಾಯಕ್ಕೆ ಹೋಗುವ ಇಂಜಿನ್ನಿಗೆ ಟಿ/ಎ 602. ಶಂಟಿಂಗ್‌ಗೆ, ಅಂದರೆ ಸ್ಟೇಷನ್ನಿನೊಳಗೆ ಡಬ್ಬಿಗಳನ್ನು ಆಚೀಚೆ ಸರಿಸಲು, ಟಿ/806.

ಆಟೋಮ್ಯಾಟಿಕ್ ಸೆಕ್ಷನ್ನಿನಲ್ಲಿ ಸಿಗ್ನಲ್‌ಗಳು ಕೆಟ್ಟಾಗ ಕೊಡುವ ಟಿ/ಎ 912 ಬಗ್ಗೆ ಮಾತ್ರ ನಿಂತು ಹೇಳಬೇಕು. 2024ರ ಜೂನ್ 17ರಂದು ಪಶ್ಚಿಮ ಬಂಗಾಳದ ರಂಗಾಪಾನಿ ಹತ್ತಿರ ಆಟೋಮ್ಯಾಟಿಕ್ ಸಿಗ್ನಲ್‌ಗಳು ಕೆಟ್ಟಿದ್ದವು, ಗಾಡಿಗಳಿಗೆ ಈ ಚೀಟಿ ಕೊಟ್ಟು ಬಿಡುತ್ತಿದ್ದರು. ಗೂಡ್ಸ್ ಗಾಡಿಯೊಂದು ಮುಂದಿದ್ದ ಕಾಂಚನಜುಂಗಾ ಎಕ್ಸ್‌ಪ್ರೆಸ್‌ಗೆ ಹಿಂದಿನಿಂದ ಗುದ್ದಿತು. ಅದೇ ಚೀಟಿ ಹಿಡಿದ ಸಿಬ್ಬಂದಿ ಬೇರೆ ಬೇರೆ ವೇಗದಲ್ಲಿ ಗಾಡಿ ಓಡಿಸಿದ್ದರು ಅನ್ನುವುದು ಆಮೇಲಿನ ತನಿಖೆಯಲ್ಲಿ ಹೊರಬಂತು. ಒಂದೇ ಕಾಗದ, ಓದಿದವರಿಗೆಲ್ಲ ಒಂದೊಂದು ಅರ್ಥ. ಅದಕ್ಕೇ ಯಾವ ಚೀಟಿ ಕೈಗೆ ಬಂದರೂ ಸಹಿ ಹಾಕುವ ಮುಂಚೆ ಅವೇ ಎರಡು ಪ್ರಶ್ನೆ ಕೇಳಿ: ಎಲ್ಲಿಂದ ಎಲ್ಲಿವರೆಗೆ, ಎಷ್ಟು ವೇಗ. ಕಾಗದದಲ್ಲಿ ಉತ್ತರ ಕಾಣದಿದ್ದರೆ ಸ್ಟೇಷನ್ ಮಾಸ್ಟರನ್ನು ಕೇಳಿ, ಉತ್ತರ ಸಿಗುವವರೆಗೆ ಗಾಡಿ ಬಿಡಬೇಡಿ. ಲೇಟ್ ಆಗುತ್ತದೆ, ಆಗಲಿ. ಗಾಡಿ ನಂಬರ್, ತಾರೀಖು, ಸಿಗ್ನಲ್ ನಂಬರ್, ಮಾಸ್ಟರ್ ಸಹಿ ಮತ್ತು ಮುದ್ರೆ, ಇಷ್ಟನ್ನೂ ಬೆರಳಿಟ್ಟು ಓದಿ.

ಹಂತ 10: ದಾರಿ ಪಕ್ಕದ ಫಲಕಗಳು

ತಾತ್ಕಾಲಿಕ ವೇಗ ಮಿತಿ ಇರುವ ಜಾಗಕ್ಕೆ 800 ಮೀಟರ್ ಮುಂಚೆ ಕಾಷನ್ ಇಂಡಿಕೇಟರ್: ಅಡ್ಡಕ್ಕೆ ನಿಲ್ಲಿಸಿದ ಹಳದಿ ಪಟ್ಟಿ, ಒಂದು ತುದಿ ಮೀನಿನ ಬಾಲದ ಹಾಗೆ ಕತ್ತರಿಸಿರುತ್ತದೆ. ಜಾಗದ ಹತ್ತಿರ ತ್ರಿಕೋನದ ಹಳದಿ ಫಲಕದಲ್ಲಿ ವೇಗದ ಅಂಕಿ. ನಿಲ್ಲಲೇಬೇಕಾದ ಕಡೆ ಸ್ಟಾಪ್ ಇಂಡಿಕೇಟರ್, ಅಲ್ಲಿ ಎಂಜಿನಿಯರಿಂಗ್ ಇಲಾಖೆಯ ಸಿಬ್ಬಂದಿ ತರುವ ಪುಸ್ತಕಕ್ಕೆ ಸಹಿ ಹಾಕಿ ಮುಂದೆ ಹೋಗಬೇಕು. ಮಿತಿ ಮುಗಿಯುವುದು ಪ್ಯಾಸೆಂಜರ್ ಗಾಡಿಗೆ ಟಿ/ಪಿ ಫಲಕದಲ್ಲಿ, ಗೂಡ್ಸ್ ಗಾಡಿಗೆ ಟಿ/ಜಿ ಫಲಕದಲ್ಲಿ. ಡಬ್ಲ್ಯು/ಎಲ್ ಕಂಡರೆ ಮುಂದೆ ಗೇಟಿದೆ, ಸೀಟಿ ಹಾಕಬೇಕು.

ಹಂತ 11: ಕೈಸಿಗ್ನಲ್ ಮತ್ತು ಶಂಟಿಂಗ್

ಕೆಂಪು ಬಾವುಟ, ಅದು ಇಲ್ಲದಿದ್ದರೆ ತಲೆಯ ಮೇಲೆ ಎತ್ತಿದ ಎರಡೂ ಕೈ: ನಿಲ್ಲಿ. ರಾತ್ರಿ ಕೆಂಪು ದೀಪ ಇಲ್ಲದಿದ್ದರೆ ಬಿಳಿ ದೀಪವನ್ನು ಅಡ್ಡಡ್ಡ ಜೋರಾಗಿ ಬೀಸಿದರೂ ನಿಲ್ಲಿ ಅಂತಲೇ ಅರ್ಥ. ಹಸಿರು ಅಲುಗಾಡದೆ ಹಿಡಿದರೆ ಹೋಗಿ, ಮೇಲೆ ಕೆಳಗೆ ಬೀಸಿದರೆ ಜಾಗ್ರತೆಯಿಂದ ಹೋಗಿ. ಶಂಟಿಂಗ್‌ನಲ್ಲಿ ಹಸಿರನ್ನು ನಿಧಾನ ಮೇಲೆ ಕೆಳಗೆ ಆಡಿಸಿದರೆ ತೋರಿಸುವವರಿಂದ ದೂರ ಹೋಗಬೇಕು, ಮೈಗೆ ಅಡ್ಡವಾಗಿ ಆ ಕಡೆ ಈ ಕಡೆ ಆಡಿಸಿದರೆ ಅವರ ಕಡೆ ಬರಬೇಕು. ಶಂಟ್ ಸಿಗ್ನಲ್ ಚಿಕ್ಕದು: ಎರಡು ಬಿಳಿ ದೀಪ ಅಡ್ಡಕ್ಕಿದ್ದರೆ ನಿಲ್ಲಿ, ಓರೆಯಾದರೆ ಹೋಗಿ. ಕೈಸಿಗ್ನಲ್ ತೋರಿಸುವವರು ಕಣ್ಣಿಂದ ಮರೆಯಾದರೆ ಆ ಕ್ಷಣವೇ ನಿಲ್ಲಿಸಿ. ಹಳಿ ಮಧ್ಯೆ ಕಪ್ಲಿಂಗ್ ಹಾಕುತ್ತಿರುವ ಪಾಯಿಂಟ್ಸ್‌ಮನ್ ಜೀವ ನಿಮ್ಮ ಕೈಯಲ್ಲಿದೆ.

ಹಂತ 12: ಗಾಡಿ ನಡುದಾರಿಯಲ್ಲಿ ನಿಂತರೆ

ಸೀಟಿಯ ಭಾಷೆ ಇಲ್ಲಿ ಬೇಕಾಗುತ್ತದೆ. ನಾಲ್ಕು ಚಿಕ್ಕ ಸೀಟಿ: ಗಾಡಿ ಮುಂದೆ ಹೋಗಲಾರದು, ಗಾರ್ಡ್ ಹಿಂದಿನಿಂದ ರಕ್ಷಣೆ ಮಾಡಿ. ಮೂರು ಚಿಕ್ಕದು: ಗಾರ್ಡ್ ಬ್ರೇಕ್ ಹಾಕಿ. ಎರಡು ಚಿಕ್ಕದು ಒಂದು ಉದ್ದ: ಚೈನ್ ಎಳೆದಿದ್ದಾರೆ. ವಾಕಿಟಾಕಿ ಇದೆ ಅಂತ ಇದನ್ನು ಮರೆಯಬೇಡಿ.

ಪಕ್ಕದ ಲೈನಿಗೆ ಅಡ್ಡಿಯಾಗಿರುವ ಅನುಮಾನ ಬಂದರೂ ಸಾಕು, ಮೊದಲು ಫ್ಲ್ಯಾಶರ್ ಲೈಟ್ ಹಾಕಿ. ಕೆಂಪು ಬಾವುಟ, ರಾತ್ರಿಯಾದರೆ ಕೆಂಪು ದೀಪ, ಜೊತೆಗೆ ಡಿಟೋನೇಟರ್ (ಹಳಿ ಮೇಲೆ ಇಡುವ ಎಚ್ಚರಿಕೆಯ ಪಟಾಕಿ) ಹಿಡಿದು ಎದುರು ಗಾಡಿ ಬರುವ ಕಡೆ ಓಡಿ. ಬ್ರಾಡ್ ಗೇಜಿನಲ್ಲಿ 600 ಮೀಟರಿಗೆ ಒಂದು ಪಟಾಕಿ, 1200 ಮೀಟರಿಗೆ 10 ಮೀಟರ್ ಅಂತರದಲ್ಲಿ ಮೂರು. ಇಂಜಿನ್ ಏನಾಗಿದೆ ಅಂತ ನೋಡುವುದು ಆಮೇಲೆ. ಕಂಟ್ರೋಲಿಗೆ ಜಾಗ ಹೇಳುವಾಗ ಕಂಬದ ನಂಬರ್ ಹೇಳಿ, ಮರ, ಸೇತುವೆ ಅಂದರೆ ಅವರಿಗೆ ಗೊತ್ತಾಗುವುದಿಲ್ಲ.

ಘಾಟಿ ಸೆಕ್ಷನ್ನಿಗೆ ಹೋಗುವವರು ಇನ್ನೆರಡು ಮಾತು ಕಲಿಯಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಇಳಿಜಾರು 50ಕ್ಕೆ 1, ಕ್ಯಾಸಲ್‌ರಾಕ್‌ನಿಂದ ಕುಳೆಂ ಕಡೆಗೆ 37ಕ್ಕೆ 1. ಅಂದರೆ 37 ಮೀಟರ್ ಮುಂದೆ ಹೋದರೆ 1 ಮೀಟರ್ ಕೆಳಗೆ, ಭಾರದ ಗಾಡಿಗೆ ಇದು ಬಹಳ. ಏರುವಾಗ ಹಿಂದಿನಿಂದ ತಳ್ಳುವ ಇಂಜಿನ್ ಬ್ಯಾಂಕರ್. ಹಿಡಿತ ತಪ್ಪಿದ ಗಾಡಿಯನ್ನು ಮುಖ್ಯ ಲೈನಿನಿಂದ ಬೇರೆ ಕಡೆ ತಿರುಗಿಸಿ ನಿಲ್ಲಿಸುವ ಹಳಿ ಕ್ಯಾಚ್ ಸೈಡಿಂಗ್. ಸ್ಟೇಷನ್ನಿನಲ್ಲಿ ನಿಂತ ಡಬ್ಬಿ ಇಳಿಜಾರಿನಲ್ಲಿ ಉರುಳಿ ಬ್ಲಾಕ್ ಸೆಕ್ಷನ್ನಿಗೆ ಹೋಗದಂತೆ ತಡೆಯುವುದು ಸ್ಲಿಪ್ ಸೈಡಿಂಗ್. ಈ ಎರಡನ್ನು ಮೌಖಿಕ ಪರೀಕ್ಷೆಯಲ್ಲಿ ಕೇಳೇ ಕೇಳುತ್ತಾರೆ.

ಕಲಿಯುವುದು ಹೇಗೆ

ಒಂದು ನೋಟ್‌ಬುಕ್ ಇಡಿ. ಎಲ್‌ಆರ್ ಹೋಗುವಾಗ ಒಂದು ಪುಟಕ್ಕೆ ಒಂದು ಸ್ಟೇಷನ್. ಡಿಸ್ಟೆಂಟ್‌ನಿಂದ ಎಲ್‌ಎಸ್‌ಎಸ್‌ವರೆಗೆ ಕೈಯಲ್ಲೇ ಚಿತ್ರ ಬರೆಯಿರಿ, ಯಾವ ಸಿಗ್ನಲ್ ಎಡಕ್ಕೆ, ಯಾವುದು ಬಲಕ್ಕೆ, ತಿರುವಿನಿಂದ ಯಾವುದು ತಡವಾಗಿ ಕಾಣುತ್ತದೆ, ಲೂಪ್ ಎಷ್ಟು ಉದ್ದ, ಗೇಟು ಎಲ್ಲಿ. ಅರ್ಥವನ್ನು ಕನ್ನಡದಲ್ಲೇ ಬರೆದುಕೊಳ್ಳಿ, ಪದವನ್ನು ಮಾತ್ರ ರೈಲ್ವೆಯಲ್ಲಿ ಹೇಳುವ ಹಾಗೆಯೇ ಇಟ್ಟುಕೊಳ್ಳಿ. ಬಿಹಾರದ ಲೋಕೋ ಪೈಲಟ್, ತಮಿಳುನಾಡಿನ ಸ್ಟೇಷನ್ ಮಾಸ್ಟರ್, ಹಾವೇರಿಯ ಗಾರ್ಡ್ ಮೂವರೂ ಒಂದೇ ಗಾಡಿಗೆ ಸೇರಿ ಕೆಲಸ ಮಾಡುವ ಜಾಗ ಇದು, ವಾಕಿಟಾಕಿಯಲ್ಲಿ ಎಲ್ಲರೂ ಒಂದೇ ಹೆಸರು ಹೇಳಬೇಕು. ಗಾಡಿ ನಂಬರ್, ಸ್ಟೇಷನ್ ಹೆಸರು ಹೇಳಿ ಮಾತು ಶುರು ಮಾಡಿ, ಕೇಳಿಸಿಕೊಂಡದ್ದನ್ನು ತಿರುಗಿ ಹೇಳಿ.

ವಾಕಿಟಾಕಿಯಲ್ಲಿ ಸಿಗ್ನಲ್ ಕೊಟ್ಟಿದ್ದೇವೆ ಅಂತ ಯಾರು ಹೇಳಿದರೂ ಸಿಗ್ನಲ್ ನಿಮ್ಮ ಕಣ್ಣಿಗೆ ಕಾಣುವವರೆಗೆ ಹೊರಡಬೇಡಿ. ಡ್ಯೂಟಿ ಮುಗಿದಾಗ ಇಂಜಿನ್ನಿನಲ್ಲಿ ಕಂಡ ದೋಷ, ದಾರಿಯಲ್ಲಿ ಮಂಕಾಗಿ ಉರಿಯುತ್ತಿದ್ದ ಸಿಗ್ನಲ್, ಮರದ ಕೊಂಬೆ ಅಡ್ಡ ಬಂದ ಕಂಬ, ಹಳಿ ಮೇಲೆ ಗಾಡಿ ಜೋರಾಗಿ ಕುಲುಕಿದ ಜಾಗ, ಇದನ್ನೆಲ್ಲ ಕಿಲೋಮೀಟರ್ ಸಮೇತ ಬರೆದು ಕೊಡಿ, ಚಾರ್ಜ್ ತೆಗೆದುಕೊಳ್ಳುವವರಿಗೆ ಬಾಯಲ್ಲೂ ಹೇಳಿ. ಆಮೇಲೆ ಸೈನ್ ಆಫ್ ಮಾಡಿ ರನ್ನಿಂಗ್ ರೂಮಿಗೆ ಹೋಗಿ, ಫೋನ್ ಪಕ್ಕಕ್ಕಿಟ್ಟು ಮಲಗಿ.